ಹಾಲ್‌ನಲ್ಲಿ ನೂರು, ರೂಮಿನಲ್ಲಿ ಹದಿನೈದು: ವೈಫೈ ಎಲ್ಲಿ ಸೋರುತ್ತಿದೆ?

ಪ್ರಶ್ನೆ: ನಮ್ಮದು 100 ಎಂಬಿಪಿಎಸ್ ಫೈಬರ್ ಪ್ಲಾನ್. ಹಾಲ್‌ನಲ್ಲಿ ತೊಂದರೆಯಿಲ್ಲ. ಒಳರೂಮಿನಲ್ಲಿ ಮಾತ್ರ ಲ್ಯಾಪ್‌ಟಾಪ್‌ಗೆ 15 ದಾಟುವುದಿಲ್ಲ, ಮೀಟಿಂಗ್ ಮಧ್ಯೆ ಧ್ವನಿ ಕಡಿಯುತ್ತದೆ. ಹೊಸ ರೌಟರ್ ಕೊಳ್ಳಬೇಕೇ, ಸಿಗ್ನಲ್ ಹಿಡಿದು ಮತ್ತೆ ಹರಡುವ ರಿಪೀಟರ್ ಸಾಕೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ದೋಷ ಹೊರಗಿನ ಲೈನ್‌ನಲ್ಲಿದೆಯೋ ಮನೆಯೊಳಗಿನ ಗಾಳಿಯಲ್ಲಿದೆಯೋ ಎಂದು ತಿಳಿಯದೆ ದುಡ್ಡು ಸುರಿದರೆ, ಹೊಸ ಪೆಟ್ಟಿಗೆಯೂ ಹಳೆಯ ಮೂಲೆಯಲ್ಲೇ ಕೂತು ಅದೇ 15 ತೋರಿಸುತ್ತದೆ. ಪರೀಕ್ಷೆಗೆ ಬೇಕಾದದ್ದು ಲ್ಯಾಪ್‌ಟಾಪ್ ಮತ್ತು ಒಂದು ಕ್ಯಾಟ್-5ಇ ಅಥವಾ ಕ್ಯಾಟ್-6 ಕೇಬಲ್. ತೆಳು ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಕಿಂಡಿ ಇಲ್ಲದಿದ್ದರೆ ಯುಎಸ್‌ಬಿ ಗಿಗಾಬಿಟ್ ಅಡಾಪ್ಟರ್ ಕೂಡ.

ಲ್ಯಾಪ್‌ಟಾಪ್‌ನ ವೈಫೈ ಆರಿಸಿ, ವಿಪಿಎನ್ ಕಳಚಿ, ರೌಟರ್‌ನಿಂದ ಲ್ಯಾಪ್‌ಟಾಪ್‌ಗೆ ಕೇಬಲ್ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಮಾಡಿ. 90–95 ಬಂದರೆ ಲೈನ್ ಸರಿಯಿದೆ. 300ರ ಪ್ಲಾನ್ ಇದ್ದೂ ಮುಳ್ಳು 94ರ ಹತ್ತಿರವೇ ನಿಂತರೆ ಪೋರ್ಟ್ 100 ಎಂಬಿಪಿಎಸ್‌ನದು, ಇಲ್ಲವೇ ಕೇಬಲ್‌ನ ತಂತಿ ಕಡಿದಿದೆ. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. ನಾಲ್ಕೇ ಸರಿಯಿದ್ದರೆ ಸಂಪರ್ಕ ನೂರಕ್ಕೆ ಇಳಿಯುತ್ತದೆ. ಕೇಬಲ್‌ನಲ್ಲೇ 20 ಬರುತ್ತಿದ್ದರೆ ವೈಫೈ ಸೆಟ್ಟಿಂಗ್ ಮುಟ್ಟಬೇಡಿ, ದೂರು ದಾಖಲಿಸಿ.

ಲೈನ್ ಸರಿಯಿದ್ದರೆ ಕೇಬಲ್ ತೆಗೆದು ವೈಫೈಗೆ ಬನ್ನಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಶೋ ಇಂಟರ್‌ಫೇಸಸ್’ (netsh wlan show interfaces) ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಲೊಕೇಶನ್ ಅನುಮತಿ ಕೇಳಿದರೆ ಒಪ್ಪಿ. ನೋಡಬೇಕಾದ್ದು ಚಾನೆಲ್ (ವೈಫೈ ಬಳಸುವ ತರಂಗದ ಪಟ್ಟಿ), ರಿಸೀವ್ ರೇಟ್ (ಎಂಬಿಪಿಎಸ್‌ನಲ್ಲಿ ವೈಫೈ ಸಂಪರ್ಕದ ವೇಗ), ಸಿಗ್ನಲ್. ಸಿಗ್ನಲ್ ಶೇಕಡಾದಲ್ಲಿರುತ್ತದೆ, ಅದನ್ನು ಅರ್ಧ ಮಾಡಿ ನೂರು ಕಳೆದರೆ ಹೆಚ್ಚುಕಡಿಮೆ ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಸಿಗುತ್ತದೆ. ಶೇ. 70 ಎಂದರೆ -65, ವಿಡಿಯೊ ಕರೆಗೆ ಸಾಕು. -75ಕ್ಕಿಂತ ಕೆಳಗಿಳಿದರೆ ಕರೆ ಕಡಿಯುವುದು ಸಹಜ. ಮ್ಯಾಕ್‌ನಲ್ಲಿ ಆಪ್ಷನ್ ಕೀಲಿ ಒತ್ತಿಕೊಂಡು ವೈಫೈ ಚಿಹ್ನೆ ಕ್ಲಿಕ್ ಮಾಡಿದರೆ ಡಿಬಿಎಂ ನೇರವಾಗಿಯೇ ಕಾಣುತ್ತದೆ.

ಇನ್ನೊಂದು ಕಿಟಕಿಯಲ್ಲಿ ರೌಟರ್‌ಗೆ ಪಿಂಗ್ ಹಚ್ಚಿ, ಅಂದರೆ ಅದರ ಉತ್ತರಕ್ಕೆ ಎಷ್ಟು ಮಿಲಿಸೆಕೆಂಡ್ ಹಿಡಿಯುತ್ತದೆಂದು ಅಳೆಯಿರಿ: ಪಿಂಗ್ 192.168.1.1 -ಟಿ (ping 192.168.1.1 -t). ನಿಮ್ಮ ರೌಟರ್ ವಿಳಾಸ ಬೇರೆಯಿರಬಹುದು. ‘ಐಪಿಕಾನ್ಫಿಗ್’ (ipconfig) ಆದೇಶದಲ್ಲಿ ಡೀಫಾಲ್ಟ್ ಗೇಟ್‌ವೇ ಎದುರಿಗಿರುವುದೇ ಅದು. ಈಗ ರೌಟರ್‌ನಿಂದ ಎರಡು ಮೀಟರ್ ದೂರದಲ್ಲಿ, ರೂಮಿನ ಬಾಗಿಲಲ್ಲಿ, ನೀವು ಕೂರುವ ಮೇಜಿನ ಮೇಲೆ, ಹೀಗೆ ಮೂರು ಕಡೆ ಒಂದೊಂದು ನಿಮಿಷ ನಿಲ್ಲಿಸಿ ಅಂಕಿ ಬರೆದುಕೊಳ್ಳಿ. ಸ್ಪೀಡ್ ಟೆಸ್ಟ್‌ಗಿಂತ ಈ ಪಿಂಗ್ ಹೆಚ್ಚು ಹೇಳುತ್ತದೆ, ಏಕೆಂದರೆ ಇದರಲ್ಲಿ ಹೊರಗಿನ ಇಂಟರ್ನೆಟ್‌ನ ಪಾತ್ರವೇ ಇಲ್ಲ.

ರೌಟರ್ ಪಕ್ಕದಲ್ಲೇ ನಿಧಾನ ಎಂದಾದರೆ ಲ್ಯಾಪ್‌ಟಾಪ್ 2.4 ಗಿಗಾಹರ್ಟ್ಸ್‌ಗೆ ಅಂಟಿಕೊಂಡಿದೆಯೇ ನೋಡಿ (ಚಾನೆಲ್ 1ರಿಂದ 13ರೊಳಗಿದ್ದರೆ ಅದೇ). ಅಲ್ಲಿ ರಿಸೀವ್ ರೇಟ್ ಸಾಮಾನ್ಯವಾಗಿ 72 ಅಥವಾ 144, ಕೈಗೆ ಸಿಗುವುದು ಸುಮಾರು ಅದರ ಅರ್ಧ. ಪರೀಕ್ಷೆ ಮುಗಿಯುವವರೆಗೆ ರೌಟರ್‌ನ ಸೆಟ್ಟಿಂಗ್‌ನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್, ಎರಡು ಬ್ಯಾಂಡ್‌ಗೂ ಬೇರೆ ಬೇರೆ ಹೆಸರಿಡಿ. ರೇಟ್ 54ರ ಮೇಲೇರುವುದೇ ಇಲ್ಲವೆಂದರೆ ರೌಟರ್‌ನ ಸೆಕ್ಯುರಿಟಿ ಸೆಟ್ಟಿಂಗ್‌ನಲ್ಲಿ ಟಿಕೆಐಪಿ ಎಂಬ ಹಳೆಯ ಗೂಢಲಿಪಿ ವಿಧಾನ ಉಳಿದಿರಬಹುದು. ಡಬ್ಲ್ಯುಪಿಎ2-ಎಇಎಸ್ ಅಥವಾ ಡಬ್ಲ್ಯುಪಿಎ3 ಆರಿಸಿ.

ಸಿಗ್ನಲ್ ಚೆನ್ನಾಗಿದ್ದೂ ಪಿಂಗ್ 3 ಮಿಲಿಸೆಕೆಂಡ್‌ನಿಂದ 200ಕ್ಕೆ ಪದೇ ಪದೇ ಜಿಗಿದರೆ ಅದು ಅಕ್ಕಪಕ್ಕದ ಮನೆಗಳ ಗದ್ದಲ. ಅಪಾರ್ಟ್‌ಮೆಂಟ್‌ಗಳಲ್ಲಿ ಇದೇ ಹೆಚ್ಚು. ಇಲ್ಲಿ ಬಹಳ ಮಂದಿ ಒಂದು ತಪ್ಪು ಮಾಡುತ್ತಾರೆ: ಚಾನೆಲ್ 3 ಅಥವಾ 4 ಖಾಲಿ ಕಂಡಿತೆಂದು ಅಲ್ಲಿಗೆ ಹೋಗುತ್ತಾರೆ. ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಆದರೆ ಒಂದೊಂದು ಸಿಗ್ನಲ್‌ನ ಅಗಲ 20. ಹಾಗಾಗಿ 3ರಲ್ಲಿ ಕೂತವರಿಗೆ 1 ಮತ್ತು 6, ಎರಡರ ಗದ್ದಲವೂ ತಟ್ಟುತ್ತದೆ. 1, 6, 11ರಲ್ಲಿ ಕಡಿಮೆ ಜನರಿರುವುದನ್ನು ಆರಿಸಿ, ಅಗಲವನ್ನು 20ಕ್ಕೇ ಇಡಿ. ಸಾಧ್ಯವಿದ್ದಷ್ಟು ಸಾಧನಗಳನ್ನು 5 ಗಿಗಾಹರ್ಟ್ಸ್‌ಗೆ ಸಾಗಿಸಿ.

ಬಾಗಿಲ ತನಕ -60 ಇದ್ದು ಮೇಜಿನ ಬಳಿ -78 ಆದರೆ ಅಪರಾಧಿ ನಡುವಿನ ಗೋಡೆ. ನಿಮ್ಮ ವಿವರಣೆಗೆ ಇದೇ ಹೆಚ್ಚು ಹೊಂದುತ್ತದೆ. ಕರಾವಳಿಯ ದಪ್ಪ ಜಂಬಿಟ್ಟಿಗೆ ಗೋಡೆ, ಆರ್‌ಸಿಸಿ ಕಂಬ, ಕಬ್ಬಿಣದ ಬೀರು, ನಿಲುವುಗನ್ನಡಿ, ಎಲ್ಲವೂ 5 ಗಿಗಾಹರ್ಟ್ಸ್ ಅಲೆಯನ್ನು ತಡೆಯುತ್ತವೆ. ಟಿವಿ ಹಿಂದೆ ಅಡಗಿಸಿಟ್ಟ ರೌಟರ್ ಹೊರಡುವ ಮೊದಲೇ ಅರ್ಧ ಸೋತಿರುತ್ತದೆ. ಅದನ್ನು ಎದೆಯೆತ್ತರದಲ್ಲಿ, ಬಯಲಲ್ಲಿ, ಮನೆಯ ನಡುವಿನ ಹಾದಿಯತ್ತ ಸರಿಸಿ ಮತ್ತೆ ಅಳೆಯಿರಿ. ಇದಕ್ಕೆ ಖರ್ಚಿಲ್ಲ, ಎಷ್ಟೋ ಮನೆಗಳಲ್ಲಿ ಇಷ್ಟೇ ಸಾಕಾಗುತ್ತದೆ.

ಆಗಲೂ ಸಾಲದಿದ್ದರೆ ಫೈಬರ್ ಪೆಟ್ಟಿಗೆಯಿಂದ ಒಳರೂಮಿಗೆ ಕ್ಯಾಟ್-6 ಎಳೆದು ಅಲ್ಲೊಂದು ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ (ಇರುವ ನೆಟ್‌ವರ್ಕನ್ನೇ ವೈಫೈಯಾಗಿ ಹರಡುವಂತೆ) ಇಡುವುದೇ ನಮ್ಮ ಮೊದಲ ಆಯ್ಕೆ. ಆ ಮೋಡ್‌ಗೆ ಹಾಕದಿದ್ದರೆ ಮನೆಯಲ್ಲಿ ಎರಡು ಪ್ರತ್ಯೇಕ ನೆಟ್‌ವರ್ಕ್‌ಗಳಾಗಿ, ಹಾಲ್‌ನ ಪ್ರಿಂಟರ್ ರೂಮಿನ ಲ್ಯಾಪ್‌ಟಾಪ್‌ಗೆ ಕಾಣದೆ ಹೋಗಬಹುದು. ಕೇಬಲ್ ಎಳೆಯಲಾಗದ ಬಾಡಿಗೆ ಮನೆಗೆ ರಿಪೀಟರ್ ಸರಿ. ಆದರೆ ಅದನ್ನು ಸಿಗ್ನಲ್ ಇಲ್ಲದ ರೂಮಿನೊಳಗೆ ಸಿಕ್ಕಿಸಬೇಡಿ. -65 ಸಿಗುವ ಜಾಗದಲ್ಲಿ, ನಿಮ್ಮ ಲೆಕ್ಕದಲ್ಲಿ ಬಾಗಿಲ ಆಸುಪಾಸಿನಲ್ಲಿ, ಸಿಕ್ಕಿಸಿ. ಒಂದೇ ಬ್ಯಾಂಡ್‌ನ ರಿಪೀಟರ್ ಕೇಳಿದ್ದನ್ನೇ ಅದೇ ಚಾನೆಲ್‌ನಲ್ಲಿ ಮತ್ತೆ ಕಳಿಸುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಎರಡು ಬ್ಯಾಂಡ್‌ನದನ್ನೇ ಕೊಳ್ಳಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ಮೂರು ಜಾಗಗಳಲ್ಲಿ ಅಳೆಯಿರಿ. ರಾತ್ರಿ ಒಂಬತ್ತರ ಸುಮಾರಿಗೆ, ಅಕ್ಕಪಕ್ಕದವರೆಲ್ಲ ವಿಡಿಯೊ ನೋಡುವ ಹೊತ್ತಿನಲ್ಲಿ, ಇನ್ನೊಮ್ಮೆ ಪಿಂಗ್ ಹಚ್ಚಿ. ಆಗಲೂ ಮೇಜಿನ ಮೇಲೆ ಹತ್ತು ಮಿಲಿಸೆಕೆಂಡ್‌ನೊಳಗೆ ಉತ್ತರ ಬರುತ್ತಿದ್ದು ಮೀಟಿಂಗ್ ಕಡಿಯುತ್ತಿದ್ದರೆ, ದೋಷ ವೈಫೈಯದಲ್ಲ.