ಕೊಳವೆ ಒಡೆಯುವ ಮೊದಲೇ ಮಡಚಿಕೊಳ್ಳುತ್ತದೆ

ಪುಣೆಯಿಂದ ಮುಂಬೈಗೆ ಹೋಗುವಾಗ ಲೋಣಾವಳದಲ್ಲಿ ನೀರು ಕುಡಿದು ಖಾಲಿ ಬಾಟಲಿಯ ಮುಚ್ಚಳ ಬಿಗಿ ಮಾಡಿಟ್ಟಿದ್ದೆ. ಘಾಟಿ ಇಳಿದು ಪನ್ವೇಲ್ ಬರುವಷ್ಟರಲ್ಲಿ ಅದರ ಹೊಟ್ಟೆ ಒಳಗೆ ಹೋಗಿತ್ತು. 600 ಮೀಟರ್ ಇಳಿದರೆ ಗಾಳಿಯ ಒತ್ತಡ ಜಾಸ್ತಿಯಾಗುವುದು ಸುಮಾರು 0.07 ಬಾರ್ ಅಷ್ಟೇ. ಪ್ಲಾಸ್ಟಿಕ್ ಎಲ್ಲೂ ಹರಿದಿಲ್ಲ, ಆಕಾರ ಮಾತ್ರ ಕೆಟ್ಟಿದೆ. ಇದನ್ನು ನೆನಪಿಟ್ಟುಕೊಳ್ಳಿ.

ತೈಲ ಬಾವಿಗೆ ಇಳಿಸುವ ಉಪಕರಣದ ಹೌಸಿಂಗ್, ಅಂದರೆ ಅದನ್ನು ಮುಚ್ಚುವ ಕೊಳವೆಯ ಕಥೆಯೂ ಇದೇ. ಒಳಗೆ ಸರ್ಕ್ಯೂಟ್ ಬೋರ್ಡು, ಮಾಮೂಲಿ ಗಾಳಿ. ಹೊರಗೆ ನೀರಿನ 1.2 ಪಟ್ಟು ಸಾಂದ್ರತೆಯ ಡ್ರಿಲ್ಲಿಂಗ್ ಮಡ್ (ಬಾವಿ ಕೊರೆಯುವಾಗ ತುಂಬುವ ಕೆಸರಿನಂಥ ದ್ರವ) ಇದ್ದರೆ 3,000 ಮೀಟರ್ ಆಳದಲ್ಲಿ ಒತ್ತಡ ಸುಮಾರು 35 ಮೆಗಾಪಾಸ್ಕಲ್, ಅಂದರೆ 350 ಬಾರ್.

ಹೊರವ್ಯಾಸ 100 ಮಿಮೀ, ಗೋಡೆ 3 ಮಿಮೀ ಅಂದುಕೊಳ್ಳಿ. ಗೋಡೆಯ ಲೋಹದೊಳಗಿನ ಒತ್ತಡ, ಅಂದರೆ ಸ್ಟ್ರೆಸ್ ಎಷ್ಟು ಅಂತ ಹೇಳುವ ಲಾಮೆ ಸೂತ್ರ ಹಾಕಿದರೆ ಅತಿ ಹೆಚ್ಚು ಸ್ಟ್ರೆಸ್ ಬರುವುದು ಒಳಮೈಯಲ್ಲಿ (ಹೊರಗಡೆ ಅಂತ ಬರೆದು ನಾನು ಮಾರ್ಕ್ಸ್ ಕಳೆದುಕೊಂಡಿದ್ದೇನೆ), ಸುಮಾರು 600 ಮೆಗಾಪಾಸ್ಕಲ್. 700 ಮೆಗಾಪಾಸ್ಕಲ್ ಯೀಲ್ಡ್ (ಲೋಹ ಶಾಶ್ವತವಾಗಿ ಆಕಾರ ಬದಲಿಸಲು ಶುರುಮಾಡುವ ಸ್ಟ್ರೆಸ್) ಇರುವ ಸ್ಟೀಲ್ ತಂದರೆ ಪಾಸ್, ಅಲ್ವಾ? ಇಲ್ಲ. ಬಕ್ಲಿಂಗ್, ಅಂದರೆ ಆ ಬಾಟಲಿಯಂತೆ ಹರಿಯದೆಯೇ ಒಳಗೆ ಕುಸಿಯುವುದರ ಲೆಕ್ಕ ಇನ್ನೂ ಬಾಕಿ ಇದೆ. ಗೋಡೆಯ ದಪ್ಪವನ್ನು ವ್ಯಾಸದಿಂದ ಭಾಗಿಸಿ, ಘನ ಮಾಡಿ, ವಸ್ತು ಬಾಗದಂತೆ ಎಷ್ಟು ಬಿಗಿಯಾಗಿದೆ ಅಂತ ಹೇಳುವ ಯಂಗ್ಸ್ ಮಾಡ್ಯುಲಸ್‌ನ 2.2 ಪಟ್ಟಿನಿಂದ ಗುಣಿಸಿ. ಸ್ಟೀಲಿಗೆ 200 ಗಿಗಾಪಾಸ್ಕಲ್ ಹಿಡಿದರೆ ಬರುವುದು ಬರೀ 12 ಮೆಗಾಪಾಸ್ಕಲ್! ಅಂದರೆ ಸುಮಾರು 1,000 ಮೀಟರಿಗೇ ಕಥೆ ಮುಗಿಯಿತು. ಈ ಸೂತ್ರದಲ್ಲಿ ಯೀಲ್ಡ್ ಇಲ್ಲವೇ ಇಲ್ಲ ನೋಡಿ, ಹಾಗಾಗಿ ದುಬಾರಿ ಸ್ಟೀಲ್ ತಂದರೂ ಉಪಯೋಗವಿಲ್ಲ, ಟೈಟೇನಿಯಂ ಆದರಂತೂ ಮಾಡ್ಯುಲಸ್ ಹೆಚ್ಚುಕಡಿಮೆ ಅರ್ಧ, ಇನ್ನೂ ಕಷ್ಟ.

ಗೋಡೆ 5 ಮಿಮೀ ಮಾಡಿದರೆ ಅದೇ ಲೆಕ್ಕ 55ಕ್ಕೆ ಏರುತ್ತದೆ. ಘನದ ಮಹಿಮೆ. ಆದರೆ ಅಷ್ಟನ್ನೂ ನಂಬಬೇಡಿ. ಈ ದಪ್ಪದಲ್ಲಿ ಯೀಲ್ಡ್ ಮತ್ತು ಬಕ್ಲಿಂಗ್ ಕೈ ಸೇರಿಸುತ್ತವೆ, ನಿಜವಾದ ಮಿತಿ ಎರಡಕ್ಕಿಂತಲೂ ಕೆಳಗಿರುತ್ತದೆ.

ಬಾಟಲಿಯ ಮೈಮೇಲಿನ ಬಳೆಯಂಥ ಏಣುಗಳು ಸುಮ್ನೆ ಅಂದಕ್ಕಲ್ಲ. ಉದ್ದ ಕೊಳವೆ ಗಿಡ್ಡ ಕೊಳವೆಗಿಂತ ಕಡಿಮೆ ಒತ್ತಡಕ್ಕೇ ಕುಸಿಯುತ್ತದೆ ಅಂತ ಎಂಜಿನಿಯರ್ ವಿಲಿಯಂ ಫೇರ್‌ಬೇರ್ನ್ 1858ರಲ್ಲೇ ತೋರಿಸಿದ್ದ. ನಡುನಡುವೆ ರಿಂಗ್ ಕೊಟ್ಟರೆ ಒಂದು ಉದ್ದ ಕೊಳವೆ ಹಲವು ಗಿಡ್ಡ ಕೊಳವೆಗಳಂತೆ ನಿಲ್ಲುತ್ತದೆ.

ಇನ್ನು ದುಂಡಗಿನ ವಿಷಯ. ಸೂತ್ರ ನಂಬುವುದು ಪಕ್ಕಾ ವೃತ್ತವನ್ನು, ಸ್ವಲ್ಪ ಮೊಟ್ಟೆಯಾಕಾರ ಇದ್ದರೂ ಮಿತಿ ಇಳಿಯುತ್ತದೆ. ಪುಣೆ ಹತ್ತಿರದ ಭೋಸರಿಯಲ್ಲಿ ಲೇತ್ ನಡೆಸುವ ವಿಜಯಪುರದ ಕಾಕಾ ನನ್ನ ಡ್ರಾಯಿಂಗ್ ನೋಡಿ ಹೇಳಿದ್ದು: "ತಮ್ಮಾ, ತೆಳು ಪೈಪು ತ್ರೀ ಜಾ ಚಕ್‌ನಾಗ ಬಿಗಿ ಹಿಡದು ಬೋರ್ ಮಾಡಿದ್ರ, ಬಿಟ್ಟ ಮ್ಯಾಲೆ ಮೂರು ಮೂಲಿ ಆಗ್ತದ." ಚಕ್‌ನಲ್ಲಿ ಇದ್ದಾಗ, ಅಂದರೆ ಲೇತಿನ ಮೂರು ಹಿಡಿಗಳು ಒತ್ತಿ ಹಿಡಿದಿರುವಾಗ, ಅಳೆದರೆ ಅದು ದುಂಡಗೇ ಕಾಣುತ್ತದೆ. ಬಿಚ್ಚಿದ ಮೇಲೆ ಅಳೆಯಿರಿ.