ಹಾಜರಿ ಪುಸ್ತಕದಲ್ಲಿ ಇನ್ನೊಂದು ಕಾಲಂ

ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಊರಿನ ಸಂಘ-ಸಂಸ್ಥೆಗಳು ಮಕ್ಕಳಿಗೆಂದು ಸಂಜೆ ಕೇಂದ್ರ ತೆರೆಯುವುದು ಹೆಚ್ಚಾಗಿ ಜೂನ್‌ನಲ್ಲಿ. ಮೊದಲ ವಾರ ಕೋಣೆ ತುಂಬುತ್ತದೆ, ಆಷಾಢದ ಮಳೆ ಹಿಡಿಯುವಾಗ ಏಳೆಂಟು ಮಕ್ಕಳು ಉಳಿಯುತ್ತಾರೆ. ‘ಈಗಿನ ಮಕ್ಕಳಿಗೆ ಮೊಬೈಲ್ ಸಾಕು, ಓದು ಬೇಡ’ ಎಂದು ಸಮಿತಿಯವರು ತೀರ್ಮಾನಿಸಿಬಿಡುತ್ತಾರೆ. ಬಾರದವರು ಯಾಕೆ ಬರಲಿಲ್ಲ ಎಂದು ಕೇಳಿದರೆ ಉತ್ತರವಿಲ್ಲ. ಯಾರೂ ಬರೆದಿಟ್ಟಿಲ್ಲವಲ್ಲ!

ಹಾಜರಿ ಪುಸ್ತಕದಲ್ಲಿ ಹೆಸರು, ತರಗತಿಯ ಪಕ್ಕ ‘ಬಾರದ ಕಾರಣ’ ಎಂದು ಅಗಲವಾದ ಕಾಲಂ ಒಂದನ್ನು ಎಳೆಯಿರಿ. ಅದರಲ್ಲಿ ‘ವೈಯಕ್ತಿಕ’ ಅಂತ ಗೀಚಿದರೆ ಪ್ರಯೋಜನವಿಲ್ಲ. ‘ಹಳ್ಳ ಬಂದಿದೆ’, ‘ಅಡಿಕೆ ಸುಲಿತ’, ‘ತಮ್ಮನನ್ನು ನೋಡಿಕೊಳ್ಳಬೇಕು’, ‘ಬಸ್ಸಿಲ್ಲ’ ಎಂದು ಮನೆಯವರ ಮಾತಲ್ಲೇ ಬರೆಯಿರಿ. ಸತತ ಎರಡು ದಿನ ಬಾರದಿದ್ದರೆ ಮೂರನೆಯ ದಿನ ಒಬ್ಬರು ಮನೆಗೆ ಹೋಗಬೇಕು. ಕುಡಿತ, ಹೊಡೆತ, ಸಾಲದ ಸಂಗತಿ ಮಾತ್ರ ಈ ಪುಸ್ತಕಕ್ಕೆ ಬರಬಾರದು. ಮಕ್ಕಳೇ ಅದನ್ನು ತೆರೆದು ಓದುತ್ತಾರೆ. ಅದಕ್ಕೆ ಬೀಗದೊಳಗೆ ಬೇರೆ ನೋಟ್‌ಬುಕ್ ಇರಲಿ.

ಮೂರು ತಿಂಗಳ ಕಾರಣಗಳನ್ನು ಒಟ್ಟಿಗೆ ಓದಿದರೆ ಕೇಂದ್ರದ ವೇಳಾಪಟ್ಟಿ ತಾನೇ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಖ್ಯ ಕಾರಣ ಹಳ್ಳ. ಇಲ್ಲಿ ಮನೆಗಳು ಚದುರಿಕೊಂಡಿವೆ, ನಡುವೆ ಹಳ್ಳ ದಾಟುವ ಕಾಲುಸಂಕ. ಒಂದು ಜೋರು ಮಳೆಗೆ ಸಂಕ ದಾಟುವಂತಿರುವುದಿಲ್ಲ. ಆ ನಾಲ್ಕು ತಿಂಗಳು ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಎಲ್ಲರನ್ನೂ ಕೂಡಿಸುವ ಹಟ ಬೇಡ. ಹಳ್ಳದ ಆಚೆಗೊಂದು, ಈಚೆಗೊಂದು ಜಗಲಿ ಹುಡುಕಿ. ಆರೆಂಟು ಮಕ್ಕಳು, ವಾರಕ್ಕೆ ಮೂರು ದಿನ ಸಾಕು, ಐದೂವರೆಗೆ ಮುಗಿಯಲಿ. ಕರೆಂಟನ್ನು ನಂಬಬೇಡಿ, ಜಗಲಿಗೆ ಎರಡು ರೀಚಾರ್ಜ್ ದೀಪ ಇಟ್ಟುಕೊಳ್ಳಿ.

ತಿಂಡಿ ಕೊಡುವುದಾದರೆ ಬಿಸ್ಕತ್ತಿಗಿಂತ ಕಡಲೆ ಉಸಲಿ ಲೇಸು. ಮಗುವಿಗೆ 30 ಗ್ರಾಂ ಒಣ ಕಡಲೆ ಲೆಕ್ಕ ಹಿಡಿದರೆ ಇಪ್ಪತ್ತು ಮಕ್ಕಳಿಗೆ 600 ಗ್ರಾಂ. ಬೆಳಿಗ್ಗೆ ಆರಕ್ಕೆ ನೆನೆಸಿದರೆ ಮಧ್ಯಾಹ್ನ ಮೂರಕ್ಕೆ ಕುಕ್ಕರಿಗೆ ಹಾಕಬಹುದು. ಮಳೆಗಾಲದ ಚಳಿಯಲ್ಲಿ ಕಾಳು ನಿಧಾನ ನೆನೆಯುತ್ತದೆ, ಆಗ ಹಿಂದಿನ ರಾತ್ರಿಯೇ ಹಾಕಿಡಿ. ಅರೆಬೆಂದ ಕಾಳು ತಿಂದ ಮಗು ಮರುದಿನ ಹೊಟ್ಟೆನೋವೆಂದು ಮನೆಯಲ್ಲೇ ಉಳಿದರೆ, ಕಾರಣದ ಕಾಲಂನಲ್ಲಿ ನಿಮ್ಮ ಉಸಲಿಯನ್ನೇ ಬರೆಯಬೇಕಾದೀತು.

ಅಡಿಕೆಯ ಕೊನೆಕೊಯ್ಲು ಶುರುವಾದರೆ ಕಥೆಯೇ ಬೇರೆ. ನವೆಂಬರ್‌ನಿಂದ ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಹೆಂಗಸರು ರಾತ್ರಿಯವರೆಗೂ ಸುಲಿಯುತ್ತಾರೆ. ಯಂತ್ರ ಬಂದಿದ್ದರೂ ಈ ಕೂಲಿ ನಿಂತಿಲ್ಲ. ಸುಲಿದಷ್ಟಕ್ಕೆ ಕೂಲಿಯಾದ್ದರಿಂದ ಮಗಳೂ ಕೂತರೆ ಲೆಕ್ಕ ಏರುತ್ತದೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ 14 ತುಂಬದ ಮಗು ಅಪಾಯವಿಲ್ಲದ ಮನೆಯ ಕಸುಬಿಗೆ ಶಾಲೆ ಬಿಟ್ಟ ಮೇಲೆ ಕೈಜೋಡಿಸಬಹುದು, ಬೇರೆಯವರ ಅಂಗಳದಲ್ಲಿ ಕೂಲಿಗೆ ಕೂರುವಂತಿಲ್ಲ. ಆದರೆ ಕಾಯ್ದೆ ಹಿಡಿದುಕೊಂಡು ಮೊದಲ ದಿನವೇ ಅಂಗಳಕ್ಕೆ ಹೋದರೆ ತಾಯಿ ಮಗುವನ್ನು ಒಳಗೆ ಅಡಗಿಸುತ್ತಾಳೆ, ನಿಮಗೂ ಬಾಗಿಲು ಮುಚ್ಚುತ್ತದೆ. ಮೊದಲು ಸಮಯ ಬದಲಿಸಿ ನೋಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮತ್ತು ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಶಾಲೆ ಬಿಟ್ಟ ಕೂಡಲೇ ಅಲ್ಲೇ ಒಂದು ಗಂಟೆ ಕೂಡಿಸಿ. ಮನೆ ಮುಟ್ಟಿದ ಮಗು ಮತ್ತೆ ಹೊರಬರುವುದಿಲ್ಲ. ತಮ್ಮನನ್ನು ಸೊಂಟದಲ್ಲಿ ಹೊತ್ತು ಬರುವ ಹುಡುಗಿಯನ್ನು ವಾಪಸ್ ಕಳಿಸಬೇಡಿ. ಮೂಲೆಯಲ್ಲೊಂದು ಚಾಪೆ, ನಾಲ್ಕು ಆಟಿಕೆ ಇಟ್ಟರೆ ಅವಳ ಹಾಜರಿ ಉಳಿಯುತ್ತದೆ.

ಡಿಸೆಂಬರ್‌ನಿಂದ ಮೇವರೆಗೆ ‘ಜ್ವರ’ ಎಂಬ ಕಾರಣವನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯ ಕಾಲ ಇದು, ಉಣುಗು ಕಚ್ಚಿ ಹರಡುತ್ತದೆ. ಕಾಡಿನಂಚಿನ ಮನೆಯ ಮಗುವಿಗೆ ಜ್ವರ ಎಂದರೆ ಅದೇ ದಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಈ ತಿಂಗಳುಗಳಲ್ಲಿ ಕಾಡು ಸುತ್ತಿಸುವ ಶಿಬಿರ ಬೇಡ.

ಪೋಷಕರ ಸಭೆಗೆ ಅಪ್ಪಂದಿರು ಬರುವುದಿಲ್ಲ ಎಂಬ ದೂರು ಎಲ್ಲ ಕಡೆ ಇದೆ. ಸಭೆಯನ್ನು ಅವರಿದ್ದಲ್ಲಿಗೆ ಒಯ್ಯಿರಿ. ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಹತ್ತು ನಿಮಿಷ ಮಾತಾಡಿದರೆ ಭವನದ ಎರಡು ಗಂಟೆಯ ಭಾಷಣಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ತಾಯಂದಿರಿಗೆ ಸ್ತ್ರೀಶಕ್ತಿ ಸಂಘದ ವಾರದ ಸಭೆ ಇದ್ದೇ ಇದೆ. ಅದರ ಕೊನೆಗೆ ಸ್ವಲ್ಪ ಹೊತ್ತು ಕೇಳಿ ಪಡೆಯಿರಿ.

ಒಂದು ವಿಷಯದಲ್ಲಿ ಮಾತ್ರ ಊರಿನ ರಾಜಿ ನಡೆಯದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಸಂಸ್ಥೆಯ ಮುಖ್ಯಸ್ಥರಿಗೂ ಶಿಕ್ಷೆಯಿದೆ. ‘ಪಂಚಾಯ್ತಿ ಮಾಡಿ ಮುಗಿಸೋಣ’ ಎನ್ನುವ ಹಿರಿಯರು ಬಂದೇ ಬರುತ್ತಾರೆ, ಒಪ್ಪಬೇಡಿ. ಕೇಂದ್ರದಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಲಿ, ಬಾಗಿಲು ತೆರೆದಿರಲಿ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ದಪ್ಪಕ್ಷರದಲ್ಲಿರಲಿ. ಬಾಲ್ಯವಿವಾಹದ ಸುಳಿವು ಸಿಕ್ಕಾಗಲೂ ಅದೇ ಸಂಖ್ಯೆ.

ಸಂಸ್ಥೆಗಳ ಕೈ ಜಾರುವುದು ಎಸ್‌ಎಸ್‌ಎಲ್‌ಸಿ ಮುಗಿದ ಹುಡುಗ-ಹುಡುಗಿಯರ ವಿಷಯದಲ್ಲಿ. ಸಂಜೆ ಕೇಂದ್ರದ ಪುಸ್ತಕದಲ್ಲಿ ಅವರ ಹೆಸರೇ ಇರುವುದಿಲ್ಲ. ಫಲಿತಾಂಶದ ದಿನ ನೋಂದಣಿ ಸಂಖ್ಯೆಗಳ ಪಟ್ಟಿ ಕೈಲಿಟ್ಟುಕೊಂಡು ಕೂರಿ, ಫೇಲಾದವರ ಮನೆಗೆ ಅದೇ ಸಂಜೆ ಹೋಗಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಆದರೆ ಎರಡನೆಯದಕ್ಕೆ ಅರ್ಜಿ ಹಾಕಲು ಕೆಲವೇ ದಿನ. ಆ ದಿನಗಳನ್ನು ಮಗು ಅಳುತ್ತ ಕಳೆದರೆ ಹುಡುಗ ಬೆಂಗಳೂರಿನ ಬೇಕರಿಗೆ, ಹುಡುಗಿ ಮದುವೆಗೆ ಎಂಬ ಮಾತು ಮನೆಯಲ್ಲಿ ಶುರುವಾಗುತ್ತದೆ. ಪಾಸಾದವರಿಗೆ ಕಾಲೇಜು ಹುಡುಕುವ ಮೊದಲು ಬಸ್ಸಿನ ಸಮಯ ಬರೆದುಕೊಳ್ಳಿ. ಹೆಣ್ಣುಮಕ್ಕಳ ಉಚಿತ ಪ್ರಯಾಣದ 2023ರ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ, ಒಳಹಳ್ಳಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ತಿಂಗಳ ಟಿಕೆಟ್ ದುಡ್ಡು ಹೊಂದದಿದ್ದರೆ ಹಾಸ್ಟೆಲ್ಲೇ ದಾರಿ. ಅದಕ್ಕೆ ಬೇಕಾದ ಜಾತಿ-ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಏಪ್ರಿಲ್‌ನಲ್ಲೇ ಮಾಡಿಸಿಡಿ, ಜೂನ್‌ನಲ್ಲಿ ಅಲ್ಲಿ ಸಾಲು ಉದ್ದವಿರುತ್ತದೆ.