ಸ್ವಯಂಸೇವಕರ ಆಂಬುಲೆನ್ಸ್‌ನಿಂದ ನಿಜಕ್ಕೂ ಜೀವ ಉಳಿಯುತ್ತಾ?

ಓದುಗರ ಪ್ರಶ್ನೆ: ಜನರೇ ಸೇರಿಕೊಂಡು, ಸಂಬಳವಿಲ್ಲದೆ ನಡೆಸುವ ಆಂಬುಲೆನ್ಸ್‌ನಿಂದ ರೋಗಿಗೆ ಉಪಯೋಗ ಇದೆಯಾ? ಇಲ್ಲಾ ಅದು ಸುಮ್ನೆ ಒಂದು ಸಮಾಧಾನವಾ?

ಉಪಯೋಗ ಇದೆ. ಆದರೆ ಎಲ್ಲ ರೋಗಿಗಳಿಗೂ ಅಲ್ಲ. ಅದು ಬರುವುದು ಗಾಡಿಯಿಂದಲೂ ಅಲ್ಲ.

ಹೃದಯ ಬಡಿತ ನಿಂತವರನ್ನೇ ನೋಡಿ. ಯಾರೂ ಎದೆ ಒತ್ತದೆ, ಹೃದಯಕ್ಕೆ ವಿದ್ಯುತ್ ಶಾಕ್ ಕೊಡದೆ ಹೋದರೆ ನಿಮಿಷಕ್ಕೆ ಶೇ. 7ರಿಂದ 10ರಷ್ಟು ಬದುಕುವ ಸಾಧ್ಯತೆ ಕರಗುತ್ತದೆ. ಎಲ್ಲ ಸಲಕರಣೆ ಇರುವ ಗಾಡಿ ಕಾಲು ಗಂಟೆ ಬಿಟ್ಟು ಬರುವುದಕ್ಕಿಂತ, ಪಕ್ಕದ ಬೀದಿಯವರು ನಾಲ್ಕೇ ನಿಮಿಷಕ್ಕೆ ಬರಿಗೈಯಲ್ಲಿ ಓಡಿ ಬರುವುದು ಮೇಲು. ಬರಿಗೈ ಕೆಲಸ ಅಂತ ಹಗುರವಾಗಿ ನೋಡಬೇಡಿ. ಎದೆಯ ನಡುವೆ 5 ಸೆಂ.ಮೀ.ಗೆ ಕಮ್ಮಿಯಿಲ್ಲದಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಎರಡು ನಿಮಿಷಕ್ಕೇ ತೋಳು ಸೋತು, ಒತ್ತುವ ಆಳ ಕಮ್ಮಿಯಾಗುತ್ತದೆ. ಒತ್ತುವವರಿಗೆ ಅದು ಗೊತ್ತೂ ಆಗುವುದಿಲ್ಲ. ಅದಕ್ಕೇ ಕೈ ಬದಲಿಸಲು ಇನ್ನೊಬ್ಬರು ಬೇಕು.

ಸ್ಟಾಕ್‌ಹೋಮ್‌ನಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಎದೆ ಒತ್ತುವುದನ್ನು ಕಲಿತು ಹೆಸರು ಕೊಟ್ಟಿದ್ದವರಲ್ಲಿ ಯಾರು 500 ಮೀಟರ್ ಒಳಗಿದ್ದಾರೋ ಅವರ ಮೊಬೈಲ್‌ಗೆ ಕರೆ ಹೋಗುತ್ತಿತ್ತು. 2015ರಲ್ಲಿ ಬಂದ ಫಲಿತಾಂಶದ ಪ್ರಕಾರ, ಆಂಬುಲೆನ್ಸ್ ಬರುವ ಮೊದಲೇ ಯಾರೋ ಎದೆ ಒತ್ತಿದ ಪ್ರಮಾಣ ಶೇ. 48ರಿಂದ 62ಕ್ಕೆ ಏರಿತು. ತಿಂಗಳ ನಂತರ ಬದುಕಿದ್ದವರ ಸಂಖ್ಯೆಯಲ್ಲೂ ಸ್ವಲ್ಪ ಏರಿಕೆ ಕಂಡಿತು, ಆದರೆ ಖಚಿತವಾಗಿ ಹೇಳುವಷ್ಟಲ್ಲ. ಇಂಥ ಸೇವೆಗಳ ಅಧ್ಯಯನಗಳಲ್ಲಿ ಇದೇ ತೊಡಕು: ಕೆಲಸ ಬೇಗ ಶುರುವಾಯಿತು ಅಂತ ತೋರಿಸುವುದು ಸುಲಭ, ಜೀವ ಉಳಿಯಿತು ಅಂತ ತೋರಿಸುವುದು ಕಷ್ಟ.

ಗಾಯಾಳುಗಳ ವಿಷಯದಲ್ಲಿ ಲಾಭ ಇನ್ನೂ ಎದ್ದು ಕಾಣುತ್ತದೆ. 1997ರಿಂದ ಐದು ವರ್ಷ ಉತ್ತರ ಇರಾಕ್ ಮತ್ತು ಕಾಂಬೋಡಿಯಾದ ನೆಲಬಾಂಬ್ ಪ್ರದೇಶಗಳಲ್ಲಿ ಸಾವಿರಾರು ಹಳ್ಳಿಗರಿಗೆ ಪ್ರಥಮ ಚಿಕಿತ್ಸೆ ಕಲಿಸಿದರು. ಅವರಿಗಿಂತ ಮೇಲಿನ ಹಂತದಲ್ಲಿ, ತರಬೇತಿ ಪಡೆದ ಸ್ಥಳೀಯ ಪ್ಯಾರಾಮೆಡಿಕ್‌ಗಳು, ಅಂದರೆ ಆಸ್ಪತ್ರೆಗೆ ಮುಂಚೆ ತುರ್ತು ಚಿಕಿತ್ಸೆ ಕೊಡುವವರು ಇದ್ದರು. ಆಸ್ಪತ್ರೆ ಗಂಟೆಗಟ್ಟಲೆ ದೂರ. ಗಾಯಾಳುಗಳ ಸಾವಿನ ಪ್ರಮಾಣ ಶೇ. 40ರಿಂದ ಸುಮಾರು 15ಕ್ಕೆ ಇಳಿಯಿತು. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ, ನಿಜ. ಆದರೂ ಇಷ್ಟು ದೊಡ್ಡ ಇಳಿಕೆಯನ್ನು ಆಕಸ್ಮಿಕ ಅಂತ ತಳ್ಳಿಹಾಕಲು ನನಗೆ ಮನಸ್ಸು ಬಾರದು. ರಕ್ತ ಸೋರುವ ಜಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿಯುವುದು, "ನಿಂತಿತಾ?" ಅಂತ ಮತ್ತೆ ಮತ್ತೆ ಬಟ್ಟೆ ಎತ್ತಿ ನೋಡದಿರುವುದು, ಇಂಥ ಸಣ್ಣ ಕೆಲಸಗಳೇ ಅಲ್ಲಿ ಮುಖ್ಯ.

ಹಾಗಾದರೆ ದುಬಾರಿ ಸಲಕರಣೆ ತುಂಬಿದರೆ ಇನ್ನೂ ಒಳ್ಳೆಯದು ಅಲ್ವಾ? ಹಾಗೇನಿಲ್ಲ. ಕೆನಡಾದ ಒಂಟಾರಿಯೊದಲ್ಲಿ, ಬೇಗ ಶಾಕ್ ಕೊಡುವ ವ್ಯವಸ್ಥೆ ಆಗಲೇ ಇದ್ದ ಊರುಗಳಲ್ಲಿ, ಗಂಟಲಿಗೆ ಕೊಳವೆ ಹಾಕುವುದು, ರಕ್ತನಾಳಕ್ಕೆ ಔಷಧ ಕೊಡುವುದನ್ನೂ ಸೇರಿಸಿ ನೋಡಿದರು. ಹೃದಯ ನಿಂತವರಲ್ಲಿ ಬದುಕಿದವರು ಮೊದಲು ಶೇ. 5.0, ಆಮೇಲೆ 5.1. ಅಷ್ಟೇ.

ಸ್ವಯಂಸೇವಕರಿಂದ ತೊಂದರೆ ಆಗುವುದೂ ಉಂಟು. ಪಾರ್ಶ್ವವಾಯು ಬಡಿದವರನ್ನು ಸ್ಕ್ಯಾನ್ ಸೌಲಭ್ಯವೇ ಇಲ್ಲದ ಹತ್ತಿರದ ಆಸ್ಪತ್ರೆಗೆ ಒಯ್ದರೆ, ಅಲ್ಲಿಂದ ಇನ್ನೊಂದು ಕಡೆ ಸಾಗಿಸುವಷ್ಟರಲ್ಲಿ ಚಿಕಿತ್ಸೆ ಕೊಡಬೇಕಾದ ಹೊತ್ತು ಮೀರಬಹುದು. ಆಸ್ಪತ್ರೆಯಿಂದ ಮನೆಗೆ, ಮನೆಯಿಂದ ಡಯಾಲಿಸಿಸ್‌ಗೆ ಕರೆದೊಯ್ಯುವಾಗ ಸಿಗುವುದು ಅನುಕೂಲ. ಅದೂ ದೊಡ್ಡದೇ, ಆದರೆ ಅದನ್ನು ಉಳಿದ ಜೀವಗಳ ಲೆಕ್ಕಕ್ಕೆ ಸೇರಿಸಬಾರದು.

ಇಂಥ ಸೇವೆಗೆ ಹಣ ಕೊಡುವ ಮೊದಲು ಮೂರು ವಿಷಯ ಕೇಳಿ. ತುರ್ತು ಕರೆ ಬಂದಾಗ ಇವರಿಗೂ ಅದೇ ಕ್ಷಣ ಸುದ್ದಿ ಮುಟ್ಟುತ್ತಾ? ಎದೆ ಒತ್ತುವ ಅಭ್ಯಾಸ ಕೊನೆಯ ಸಲ ಯಾವಾಗ ಮಾಡಿದರು? ರಾತ್ರಿ ಎರಡು ಗಂಟೆಗೆ ಯಾರು ಬರುತ್ತಾರೆ?